ಬ್ರಿಟನ್ ಬಲ್ಲವನ ಬಲಗಿವಿ

ಬ್ರಿಟನ್ನಿನ ವಿಷಯದಲ್ಲಿ ನನ್ನನ್ನು ಸೋಲಿಸುವವರು ಈ ಅರಬ್ ನಾಡಿನಲ್ಲಿ ಸೀಬ್‌ನಿಂದ ರುಸ್ತಾಕ್‌ವರೆಗೆ ಯಾರೂ ಇಲ್ಲ ಎಂದು ನಾನು ನಂಬಿದ್ದೆ. ಕಾರಣವೂ ಇತ್ತು. ಸೀಬ್‌ನ ನಮ್ಮ ಕನ್ನಡಿಗರ ಕ್ವಿಜ್‌ನಲ್ಲಿ ಸತತ ಎರಡು ವರ್ಷ ನಾನೂ ನನ್ನ ಹೆಂಡತಿ ವಸಂತಿಯೂ ಕಪ್ ಗೆದ್ದಿದ್ದೆವು. ವಿಷಯ ಪ್ರತಿವರ್ಷ ಬ್ರಿಟನ್ನೇ. ಕ್ವಿಜ್ ನಡೆಸುವ ಭಟ್ಟರ ಮಗಳು ಅಲ್ಲಿಯ ಪೌರತ್ವ ಪರೀಕ್ಷೆಗೆ ಓದಿದ್ದ ಪುಸ್ತಕ ಭಟ್ಟರ ಕೈಸೇರಿತ್ತು. ಅವರ ಬಳಿ ಬೇರೆ ಪುಸ್ತಕವಿರಲಿಲ್ಲ!

ಮೂರನೇ ಸಲವೂ ಗೆದ್ದರೆ ಕಪ್ ಶಾಶ್ವತವಾಗಿ ನಮ್ಮದು; ಸೋತರೆ ಗೆದ್ದವರಿಗೆ ಒಪ್ಪಿಸಬೇಕು. ವಸಂತಿ ಅದರಲ್ಲಿ ತನ್ನ ತೆಂಗಿನ ಚಿಪ್ಪಿನ ಸೌಟುಗಳನ್ನು ನಿಲ್ಲಿಸಿ ಒಲೆಯ ಪಕ್ಕ ಇಟ್ಟಿದ್ದಳು. "ಈ ಕಪ್ಪು ಮುಟ್ಟಿದ್ರೆ ಮಗುಚ್ತದೆ. ಕೊನೆಯವರಿಗೆ ಕೊಟ್ಟ ಪ್ಲಾಸ್ಟಿಕ್ ಜಗ್ಗು ಇದಕ್ಕಿಂತ ಒಳ್ಳೆದಿತ್ತು, ಮಾರಾಯ್ರೆ" ಎಂದು ಗೊಣಗುತ್ತಿದ್ದಳು.

ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಸೌಟುಗಳು ಅವಳು ಇಟ್ಟ ಹಾಗೇ ಇದ್ದವು. ಅವು ಕದಲಬಾರದೆಂದರೆ ಕಪ್ ಕದಲಬಾರದು. ಕಪ್ ಕದಲಬಾರದೆಂದರೆ ನಾನು ಗೆಲ್ಲಬೇಕು. ಅದೇನು ದೊಡ್ಡ ವಿಷಯ?

ತಂಡಕ್ಕೆ ಇಬ್ಬರು ಬೇಕೆಂಬ ನಿಯಮಕ್ಕಾಗಿ ಎದುರು ಫ್ಲಾಟಿನ, ನಮ್ಮೂರ ಕಡೆಯ ಕ್ರೈಸ್ತರಾದ ಫೆಲಿಕ್ಸ್ ಪೊರ್ಬುಗಳನ್ನು ಕರೆದೆ. ಅವರ ಹೆಂಡತಿ ಲೀನಾಬಾಯಿ ಆಗಲೇ ಇನ್ನೊಂದು ತಂಡ ಸೇರಿದ್ದರು.

"ನನಗೆ ಬ್ರಿಟನ್ ಎಂಥದೂ ಗೊತ್ತಿಲ್ಲ ಶೆಟ್ರೇ" ಎಂದರು ಫೆಲಿಕ್ಸ್.

"ನೀವು ಸುಮ್ನೆ ನನ್ನ ಬಲಕ್ಕೆ ಕೂತ್ಕೊಳ್ಳಿ. ಬಾಕಿದ್ದು ನನಗೆ ಬಿಡಿ!"

ಕಪ್ಪನ್ನು ಕ್ವಿಜ್ ನಡೆಯುವ ಹಾಲ್‌ಗೆ ತರಬೇಕೆಂದು ಭಟ್ಟರು ಫೋನ್ ಮಾಡಿದರು. ಹೇಗೂ ಮನೆಗೇ ವಾಪಸ್ ಬರುವ ವಸ್ತುವನ್ನು ಹೊತ್ತು ತಿರುಗುವುದೇಕೆ? ತರಲಿಲ್ಲ.

ಇಲ್ಲಿ ನಮ್ಮ ಹಿಂದಿನ ವಿಜಯಗಳ ವಿಧಾನವನ್ನು ವಿವರಿಸಬೇಕು. ಉತ್ತರ ಹೊಳೆದ ಕೂಡಲೇ ವಸಂತಿ ಮೇಜಿನಡಿ ನನ್ನ ಕಾಲು ತುಳಿಯುತ್ತಿದ್ದಳು. ನಾನು ಗಂಟೆ ಬಾರಿಸುತ್ತಿದ್ದೆ. ಅವಳು ನನ್ನ ಬಲಗಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ನಾನು ಎದ್ದು ನಿಂತು ಗಂಭೀರವಾಗಿ ಘೋಷಿಸುತ್ತಿದ್ದೆ. ಚಪ್ಪಾಳೆ ನನ್ನ ಕಡೆಗೆ ಬರುತ್ತಿದ್ದುದರಿಂದ ಜ್ಞಾನವೂ ನನ್ನದೇ ಎಂದುಕೊಂಡಿದ್ದೆ!

ಫೆಲಿಕ್ಸರಿಗೋ, ಕೂತಲ್ಲಿ ಕಾಲು ಅಲ್ಲಾಡಿಸುವ ಚಾಳಿ.

"ಸ್ಕಾಟ್ಲೆಂಡಿನ..." ಎಂದರು ಭಟ್ಟರು. ಫೆಲಿಕ್ಸರ ಬೂಟು ನನ್ನ ಕಾಲಿಗೆ ತಗಲಿತು. ಟಿಣ್!

"ರಾಜಧಾನಿ ಎಡಿನ್‌ಬರೋ!" ಎಂದೆ.

"ನಾನು ಕೇಳ್ಲಿಕ್ಕಿದ್ದದ್ದು ಸ್ಕಾಟ್ಲೆಂಡಿನ ರಕ್ಷಕ ಸಂತರು ಯಾರು ಅಂತ."

"ಸೈಂಟ್ ಆಂಡ್ರ್ಯೂ!" ಫೆಲಿಕ್ಸ್ ಹಣೆ ಚಚ್ಚಿಕೊಂಡರು. "ನನ್ನ ಅಪ್ಪನ ಹೆಸರು ಶೆಟ್ರೇ! ನನ್ನತ್ರ ಒಂದು ಮಾತು ಕೇಳ್ಬಾರ್ದಿತ್ತಾ?"

ತಪ್ಪು ಉತ್ತರಕ್ಕೆ ಅಂಕ ಕಡಿತ. ಸಿಟ್ಟಿಗೆ ಅವರ ಕಾಲು ಇನ್ನೂ ಜೋರಾಗಿ ಅಲ್ಲಾಡತೊಡಗಿತು. ನನ್ನ ಕೈ ಅಷ್ಟೇ ಜೋರಾಗಿ ಗಂಟೆಗೆ ಬೀಳತೊಡಗಿತು. ಸಂಸತ್ತಿನಲ್ಲಿ ಜನ ಆರಿಸಿ ಕಳಿಸಿದವರು ಕೂರುವ ಸದನ ಯಾವುದು? ಟಿಣ್! "ಹೌಸ್ ಆಫ್ ಲಾರ್ಡ್ಸ್!" ನಾವು ಆರಿಸಿದವರು ಆಮೇಲೆ ಪ್ರಭುಗಳಂತೆ ಮೆರೆಯುವ ರೀತಿ ನೋಡಿಯೇ ಹೇಳಿದ್ದೆ. ಅದೂ ತಪ್ಪಾಯಿತು.

"ಕೈ ಕಟ್ಟಿ ಕೂತ್ಕೊಳ್ಳಿ ಮಾರಾಯ್ರೇ! ಸೊನ್ನೆಗಿಂತಲೂ ಕೆಳಗೆ ಹೋದೆವು!" ಎಂದರು ಫೆಲಿಕ್ಸ್.

ಕೊನೆಯ ಪ್ರಶ್ನೆ. "ಬ್ರಿಟನ್ನಿನಲ್ಲಿ ಕ್ರಿಸ್‌ಮಸ್‌ನ ಮರುದಿನಕ್ಕೆ ಏನು ಹೆಸರು?"

ಬೂಟು ತಗಲಿತು. ಟಿಣ್! ಎದ್ದು ನಿಂತೆ. ಗಂಟಲು ಸರಿಪಡಿಸಿ, ಬಲಗಿವಿಯನ್ನು ಸ್ವಲ್ಪ ಬಗ್ಗಿಸಿ ಕಾದೆ.



ಸಭೆ ನನ್ನನ್ನು ನೋಡುತ್ತಿತ್ತು. ನಾನು ಕಿವಿ ಕೊಟ್ಟೇ ನಿಂತಿದ್ದೆ.

"ಸಮಯ ಮುಗೀತು ಶೆಟ್ರೇ" ಎಂದರು ಭಟ್ಟರು, ತುಂಬ ಮೆಲ್ಲಗೆ.

"ಬಾಕ್ಸಿಂಗ್ ಡೇ!" ಎಂದರು ಲೀನಾಬಾಯಿ. ಗೆದ್ದೇಬಿಟ್ಟರು. ಕ್ರಿಕೆಟ್ಟಿನ ಬಾಕ್ಸಿಂಗ್ ಡೇ ಟೆಸ್ಟ್ ನೋಡುವ ನನಗೆ ಅದು ಗೊತ್ತಿತ್ತು. ಆದರೆ ಕಿವಿಗೆ ಬರದ ಉತ್ತರವನ್ನು ಬಾಯಿಂದ ಹೇಳಿ ಅಭ್ಯಾಸವಿರಲಿಲ್ಲ.

ಕಪ್ ಒಯ್ಯಲು ಲೀನಾಬಾಯಿ ನಮ್ಮ ಅಡುಗೆಮನೆಗೇ ಬರಬೇಕಾಯಿತು. ಸೌಟುಗಳನ್ನು ಕಂಡು ಬಾಗಿಲಲ್ಲೇ ನಿಂತರು.

"ಇಲ್ಲೇ ಇರ್ಲಿ ಶೆಟ್ರೇ, ನನಗೆ ಬೇಡ."

"ನಿಯಮ ನಿಯಮವೇ ಬಾಯಮ್ಮ" ಎಂದು ಒಂದೊಂದೇ ಸೌಟು ತೆಗೆದು, ಕಪ್ ತೊಳೆದು, ಒರೆಸಿ ಕೊಟ್ಟೆ.

ಸೌಟುಗಳು ಈಗ ಕೊನೆಯ ಸ್ಥಾನಕ್ಕೆ ನಮಗೆ ಸಿಕ್ಕಿದ ಪ್ಲಾಸ್ಟಿಕ್ ಜಗ್ಗಿನಲ್ಲಿವೆ. ಮುಟ್ಟಿದರೂ ಮಗುಚುವುದಿಲ್ಲ. ವಸಂತಿ ಆಸೆಪಟ್ಟ ಬಹುಮಾನವನ್ನು ಕೊನೆಗೂ ತಂದಿದ್ದೇನೆ, ಅದೂ ಅವಳ ಸಹಾಯವಿಲ್ಲದೆ, ಸಂಪೂರ್ಣ ಸ್ವಂತ ಜ್ಞಾನದಿಂದ!