ಪೆಟ್ರೋಲ್ ಟ್ಯಾಂಕಿನ ಕಾಯಕಲ್ಪ

"ತುಕ್ಕು ಅಂದ್ರೆ ಏನು? ಕಬ್ಬಿಣ, ನೀರು, ಗಾಳಿ ಮೂವರೂ ಸೇರಿ ಮಾಡೋ ಪಿತೂರಿ! ಅದನ್ನ ಬಗ್ಗುಬಡಿಯೋಕೆ ಮೆಕ್ಯಾನಿಕ್ ಯಾಕೆ? ನಾನಿಲ್ವಾ?" ಎಂದು ವಿಜ್ಞಾನದ ಮೇಷ್ಟ್ರು ಹೆಂಡತಿಯ ಮುಂದೆ ಎದೆ ಸೆಟೆಸಿ ನಿಂತರು.

ಪಕ್ಕದಲ್ಲಿ ಮಾವನವರು ಕೊಟ್ಟ ಹಳೆಯ ಕಾರು ಮುಖ ಬಾಡಿಸಿಕೊಂಡು ನಿಂತಿತ್ತು. ಟ್ಯಾಂಕಿನೊಳಗಿನ ತುಕ್ಕು ಪೆಟ್ರೋಲಿನ ಜೊತೆ ಹರಿದುಬಂದು ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತಿತ್ತು. ಕಾರು ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಅದರಲ್ಲೇ ಡ್ರೈವಿಂಗ್ ಕಲಿತ ಹೆಂಡತಿಗೆ ಆ ಕಾರೆಂದರೆ ಪ್ರಾಣ. ಆದರೆ ಮಾವನವರು ಫೋನಿನಲ್ಲೇ ತೀರ್ಪು ಕೊಟ್ಟಿದ್ದರು: "ಭಾನುವಾರ ಬರ್ತೀನಿ. ಒಂದು ಸುತ್ತು ಹೋಗೋಣ. ದಾರೀಲಿ ನಿಂತ್ರೆ ಗುಜರಿಗೆ ಹಾಕಿಬಿಡಿ."

"ರೀ, ಇದರಲ್ಲಿ ಆಟ ಆಡಬೇಡಿ. ಕಾರು ಹೋದ್ರೆ ಅದರ ಜೊತೆ ನಿಮ್ಮನ್ನೂ ತೂಕಕ್ಕೆ ಹಾಕ್ತೀನಿ!"

"ನೋಡ್ತಿರು ಕಣೇ!"

ಮೇಷ್ಟ್ರ ಕೆಲಸವೆಂದರೆ ಕ್ರಮಬದ್ಧ. ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಬ್ಯಾಟರಿಯ ತಂತಿ ಬಿಚ್ಚಿದರು. ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿದರು. ಟ್ಯಾಂಕ್ ಕಳಚಿ ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆದರು. ಆಮೇಲೆ ಒಳಗೆ ವಿನೆಗರ್ ಸುರಿದು, ಹಿಡಿ ತುಂಬ ನಟ್ಟುಗಳನ್ನು ಹಾಕಿ, ಬಾಯಿ ಬಿಗಿದು, ಕಂಬಳಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕುಲುಕತೊಡಗಿದರು. ಗಲಗಲ ಗಲಗಲ!

ಪಕ್ಕದ ಮನೆಯ ದರ್ಜಿ ಗೋಡೆಯ ಮೇಲಿಂದ ಇಣುಕಿದ. "ಏನ್ ಸಾರ್, ಮಗು ಮಲಗ್ತಾ ಇಲ್ವಾ?"

"ಹಲ್ಲು ಬರ್ತಾ ಇದೆ!" ಒಳಗಿನಿಂದ ಹೆಂಡತಿಯೇ ಉತ್ತರ ಕೊಟ್ಟಳು.

ಮನೆಗೆ ಮನೆಯೇ ಹುಳಿ ನಾತ ಹೊಡೆಯಿತು. ಕಂಬಳಿ ಮತ್ತೆ ಹಾಸಿಗೆ ಸೇರುವ ಯೋಗ್ಯತೆಯನ್ನೇ ಕಳೆದುಕೊಂಡಿತು. ಆದರೆ ಟಾರ್ಚ್ ಬಿಟ್ಟು ನೋಡಿದರೆ ಟ್ಯಾಂಕಿನ ಒಳಗು ಫಳಫಳ! ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಜಾಲಾಡಿಸಿ, ಬಿಸಿಲಿಗಿಟ್ಟು ಒಣಗಿಸಿ, ಪೈಪು, ಫಿಲ್ಟರು ಹೊಸದು ಹಾಕಿದರು. ಕೊನೆಗೆ ಟ್ಯಾಂಕಿನ ಮುಚ್ಚಳ ಉಜ್ಜುವಾಗ ಅದರ ನಡುವೆ ಒಂದು ಸಣ್ಣ ತೂತು ಕಂಡಿತು.

"ಎಲಾ ಕಳ್ಳ! ನೀರು ಇಳಿದಿದ್ದು ಇಲ್ಲಿಂದಾನಾ?" ಎಂದು ಸಂಶೋಧನೆ ಘೋಷಿಸಿದ ಮೇಷ್ಟ್ರು, ಕಬ್ಬಿಣಕ್ಕೂ ಕಚ್ಚಿಕೊಳ್ಳುವ ಗಟ್ಟಿ ಅಂಟನ್ನು ಅದಕ್ಕೆ ಒತ್ತಿ ಒತ್ತಿ ತುಂಬಿದರು.

ಭಾನುವಾರ ಹೆಂಡತಿ ಸ್ಟೀರಿಂಗ್ ಹಿಡಿದಳು. ಪಕ್ಕದಲ್ಲಿ ಮಾವ. ಹಿಂದಿನ ಸೀಟಿನಲ್ಲಿ ಮೇಷ್ಟ್ರು, ದಿಗ್ವಿಜಯ ಮುಗಿಸಿದ ಮಹಾರಾಜರಂತೆ. ಕೀಲಿ ತಿರುಗಿಸಿದ್ದೇ ತಡ, ಕಾರು ಹೊರಟಿತು.

"ಪರವಾಗಿಲ್ವೇ ಅಳಿಯಂದಿರೇ!" ಎಂದರು ಮಾವ.

ಮೇಷ್ಟ್ರು ಅತಿ ವಿನಯದಿಂದ ತುಕ್ಕಿನ ಪಾಠ ಆರಂಭಿಸಿದರು. ಸೇತುವೆ ದಾಟಿತು, ಏರು ಹತ್ತಿತು. ಪಾಠ ಮುಗಿಯುವ ಮೊದಲೇ ಕಾರು ಮುಗಿಯಿತು!

ಹೆಂಡತಿ ಕನ್ನಡಿಯಲ್ಲೇ ಗಂಡನ ತೂಕ ಅಂದಾಜು ಮಾಡಿದಳು.

ಮೇಷ್ಟ್ರು ಇಳಿದು ಓಡಿ ಮುಚ್ಚಳ ತಿರುಗಿಸಿದರು. 'ಸ್ಸ್' ಎಂದು ಟ್ಯಾಂಕು ಗಾಳಿಯನ್ನು ಒಳಗೆಳೆದುಕೊಂಡಿತು. ನೀರು ತುಂಬಿದ ಸ್ಟ್ರಾದ ಮೇಲಿನ ತುದಿಗೆ ಬೆರಳಿಟ್ಟರೆ ನೀರು ಕೆಳಗಿಳಿಯುವುದಿಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ಮಾಡಿ ತೋರಿಸುವವರು ಅವರೇ! ಪೆಟ್ರೋಲು ಹೋದ ಜಾಗಕ್ಕೆ ಗಾಳಿ ಬರಲು ಇದ್ದ ಒಂದೇ ಒಂದು ದಾರಿಗೆ ಅವರು ಬೆರಳಲ್ಲ, ಅಂಟನ್ನೇ ಇಟ್ಟುಬಂದಿದ್ದರು.

"ಏನಾಯ್ತು?" ಬೆನ್ನ ಹಿಂದೆಯೇ ಮಾವ.

"ಏನಿಲ್ಲ ಮಾವ... ಟ್ಯಾಂಕಿಗೆ ಸ್ವಲ್ಪ ಹೊರಗಿನ ಗಾಳಿ ಬೇಕಿತ್ತು."

ಮಾವ ಮುಚ್ಚಳ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದರು. "ಇಲ್ಲೊಂದು ತೂತಿತ್ತಲ್ಲ?"

"ತುಕ್ಕು ತಿಂದಿತ್ತು. ಮುಚ್ಚಿದೆ."

"ತುಕ್ಕು ತಿಂದಿದ್ದಲ್ಲ ಅಳಿಯಂದಿರೇ, ನಾನು ಮಾಡಿದ್ದು! ಮೊದಲಿನ ಮುಚ್ಚಳ ಕಳೆದುಹೋಯ್ತು. ಆಮೇಲೆ ಸಿಕ್ಕಿದ್ದಕ್ಕೆ ತೂತೇ ಇರಲಿಲ್ಲ. ಮೊಳೆ ಇಟ್ಟು ಹೊಡೆದೂ ಹೊಡೆದೂ ಈ ಬೆರಳು ಜಜ್ಜಿಕೊಂಡಿದ್ದೆ!"

ಹೆಂಡತಿ ತಲೆಯ ಪಿನ್ನು ತೆಗೆದು ಅಂಟಿಗೆ ಚುಚ್ಚಿದಳು. ಪಿನ್ನು ಬಾಗಿತು. ಇನ್ನೊಂದು ತೆಗೆದಳು, ಅದೂ ಬಾಗಿತು.

"ಏನ್ರೀ ಇದು, ಕಲ್ಲಾಗಿ ಕೂತಿದೆ!"

"ಕೆಲಸ ಮಾಡಿದ್ರೆ ಗಟ್ಟಿಯಾಗಿ ಮಾಡ್ಬೇಕು ಅಂತ..." ಮೇಷ್ಟ್ರು ಬಾಗಿದ ಪಿನ್ನುಗಳನ್ನು ನೆಟ್ಟಗೆ ಮಾಡತೊಡಗಿದರು.

ಮುಚ್ಚಳವನ್ನು ತುಸು ಸಡಿಲ ಬಿಟ್ಟು ಮನೆಯತ್ತ ಹೊರಟರು. ಕಾರು ಎಲ್ಲೂ ಕೆಮ್ಮಲಿಲ್ಲ. ಕೆಮ್ಮಿದವರು ಮೇಷ್ಟ್ರೊಬ್ಬರೇ.

"ಹಾಗಾದ್ರೆ ಮಾವ... ಗುಜರಿ?"

ಮಾವ ಮಗಳ ಕಡೆ ತಿರುಗಿದರು. "ಕಾರು ಇರ್ಲಿ ಕಣಮ್ಮ, ಟ್ಯಾಂಕ್ ಚೆನ್ನಾಗೇ ತೊಳೆದಿದ್ದಾರೆ. ಮನೆಗೆ ಹೋದ ತಕ್ಷಣ ಆ ಅಂಟಿನ ಟ್ಯೂಬನ್ನ ಗುಜರಿಗೆ ಹಾಕು!"