ಕ್ಯಾಲೆಂಡರಿನಲ್ಲಿ ಬರೆದ ಹಲ್ಲುನೋವು

ಎಲ್ಲಕ್ಕೂ ಮೂಲ ಕ್ಯಾಲೆಂಡರಿನಲ್ಲಿ ಬರೆದ ಒಂದು ಸುಳ್ಳು. ಆ ದೊಡ್ಡ ಕಂಪನಿಯಲ್ಲಿ ಯಾರು ಯಾವ ಹೊತ್ತಿಗೆ ಎಲ್ಲಿರುತ್ತಾರೆಂಬುದು ಎಲ್ಲರಿಗೂ ಕಾಣುವಂತೆ ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ನಮ್ಮ ಎಂಜಿನಿಯರ್ ಮಧ್ಯಾಹ್ನ ಬೇರೊಂದು ಕಂಪನಿಯ ಇಂಟರ್‌ವ್ಯೂಗೆ ಹೊರಟಿದ್ದ. ಹಾಗೆಂದು ಬರೆಯಲಾದೀತೇ? "ಹಲ್ಲುನೋವು, ಡಾಕ್ಟರ ಬಳಿ" ಎಂದು ಬರೆದ.

ಸಂಬಳ ಸಾಲದೆಂದಲ್ಲ, ಕೆಲಸ ಬೇಸರವೆಂದೂ ಅಲ್ಲ. ಅವನಿಗೆ ಮ್ಯಾನೇಜರರಿಂದ ಬಿಡುಗಡೆ ಬೇಕಿತ್ತು. ಆ ಮಹಾಶಯರು ಸದ್ದಿಲ್ಲದೆ ಬಂದು ಕುರ್ಚಿಯ ಹಿಂದೆ ನಿಂತು, ಒಂದು ಸಾಲು ಟೈಪ್ ಮಾಡುವುದರೊಳಗೆ "ಹಾಗಲ್ಲ, ಹಾಗಲ್ಲ" ಎನ್ನುವರು. ಆಫೀಸಿನವರು ಅವರಿಗೆ ನೆರಳು ಎಂದೇ ಹೆಸರಿಟ್ಟಿದ್ದರು. ಮನೆಯಲ್ಲಿ ಹೆಂಡತಿ ಹಿಂದಿನಿಂದ ಬಂದರೂ ನಮ್ಮವನು ಬೆಚ್ಚಿಬೀಳುವಂತಾಗಿತ್ತು, ಪಾಪ.

ಹಲ್ಲುನೋವಿನ ಸುದ್ದಿ ಓದಿದವರೆಲ್ಲ ಅವನ ಮೇಜಿನ ಸುತ್ತ ನೆರೆದರು. ಒಬ್ಬ ಉಪ್ಪುನೀರು ಎಂದ, ಇನ್ನೊಬ್ಬ ಲವಂಗ ಎಂದ. ಪಕ್ಕದ ಸೀಟಿನ ಅಕ್ಕನಂತೂ ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟಳು. ಟೆಸ್ಟಿಂಗ್ ಕೆಲಸದ ಆಕೆಗೆ ಎಲ್ಲಿ ದೋಷ ಕಂಡರೂ ಸರಿಹೋಗುವವರೆಗೆ ಸಮಾಧಾನವಿಲ್ಲ.

"ಏಳೋ. ನಮ್ಮ ಭಾವ ಹಲ್ಲಿನ ಡಾಕ್ಟ್ರು. ಎದುರಿನ ಬಿಲ್ಡಿಂಗಲ್ಲೇ ಇದಾರೆ."

"ಈಗ ಅಷ್ಟೇನೂ ನೋವಿಲ್ಲ, ಅಕ್ಕಾ…"

"ಹಾಗನ್ನೋರೇ ಆಮೇಲೆ ಗೋಳಾಡೋದು. ನಡಿ!"

ಬೇಡವೆಂದು ಹಟ ಹಿಡಿದರೆ ಗುಟ್ಟು ರಟ್ಟಾದೀತು. ಅವನು ಹೋದ.

ಭಾವ ಹಲ್ಲುಗಳನ್ನೆಲ್ಲ ತಟ್ಟಿ ನೋಡಿದರು. "ಎಲ್ಲಾ ಕಲ್ಲಿನ ಹಾಗಿವೆಯಲ್ರೀ! ಯಾವುದು ನೋಯ್ತಿರೋದು?"

ಗಾಬರಿಯಲ್ಲಿ ಅವನು ಕೊನೆಯ ದವಡೆ ಹಲ್ಲನ್ನು ತೋರಿಸಿದ.

"ಇದಾ? ಇದು ಇವತ್ತಲ್ಲ ನಾಳೆ ತೊಂದ್ರೆ ಕೊಡೋದೇ."

"ಕಿತ್ತುಬಿಡಿ ಭಾವ, ನಾನು ಕೈ ಹಿಡ್ಕೊಂಡಿರ್ತೀನಿ," ಎಂದಳು ಅಕ್ಕ. ಹಲ್ಲು ಈಚೆ ಬರುವವರೆಗೂ ಹಿಡಿದುಕೊಂಡೇ ಇದ್ದಳು. ಆಮೇಲೆ ಮನೆಗೆ ಹೋಗಿ ಮಲಗೆಂದು ಟ್ಯಾಕ್ಸಿಯನ್ನೂ ಹತ್ತಿಸಿದಳು. ಮೊದಲ ತಿರುವಿನಲ್ಲೇ ಅವನು ಟ್ಯಾಕ್ಸಿಯನ್ನು ಇಂಟರ್‌ವ್ಯೂ ಕಡೆಗೆ ತಿರುಗಿಸಿದ. ಬಾಯಲ್ಲಿ ಹತ್ತಿ, ಅರ್ಧ ಮುಖಕ್ಕೆ ಸ್ಪರ್ಶವೇ ಇಲ್ಲ, ನಾಲಿಗೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿತ್ತು.

ಇಂಟರ್‌ವ್ಯೂನಲ್ಲಿ ಒಬ್ಬ ಗಡ್ಡದವ, ಒಬ್ಬ ಕನ್ನಡಕದಾಕೆ. ಲಕ್ಷಾಂತರ ಜನ ಒಟ್ಟಿಗೆ ಟಿಕೆಟ್ ಕೊಳ್ಳಲು ನುಗ್ಗಿದರೂ ಕುಸಿಯದ ವ್ಯವಸ್ಥೆಯೊಂದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿ ಎಂದರು. ಅವನು ಮಾತಿಲ್ಲದೆ ಎರಡು ಚೌಕ ಬರೆದ. ನಡುವೆ ಬಾಣ ಎಳೆಯುವಷ್ಟರಲ್ಲಿ ಗಡ್ಡದವ, "ಸರದಿ ಮೊದಲು ಬರಬೇಕು, ಅಲ್ವಾ?" ಎಂದ. ಅವನು ತಲೆಯಾಡಿಸಿದ. "ಸರದಿ ಯಾಕ್ರೀ? ಮೊದಲು ಸೀಟು ಕಾದಿರಿಸಬೇಕು!" ಎಂದಳು ಆಕೆ. ಅದಕ್ಕೂ ತಲೆಯಾಡಿಸಿದ. ಅವರಿಬ್ಬರೇ ಕಿತ್ತಾಡಿ, ಬೋರ್ಡು ತುಂಬಿಸಿ, ಬೆವರೊರೆಸಿಕೊಂಡು ಕುಳಿತರು.

"ಎಷ್ಟೋ ಜನರನ್ನ ನೋಡಿದ್ವಿ," ಎಂದಳಾಕೆ. "ಬೇರೆಯವರ ಮಾತು ಪೂರ್ತಿ ಕೇಳಿಸ್ಕೊಂಡೋರು ನೀವೊಬ್ರೇ. ಕೆಲಸ ನಿಮ್ಮದು. ಇವತ್ತೇ ಅಲ್ಲಿ ರಾಜೀನಾಮೆ ಕೊಡೋದಾದ್ರೆ ಈಗ್ಲೇ ಸಹಿ ಮಾಡಿ."

ಅವನಿಗೆ ಕಣ್ಣು ತುಂಬಿಬಂತು. ಸಹಿ ಹಾಕಿದ. ಕೂತಲ್ಲೇ ಫೋನಿನಿಂದ ಮ್ಯಾನೇಜರರಿಗೆ ರಾಜೀನಾಮೆಯನ್ನೂ ಕಳಿಸಿದ. ಹಲ್ಲು ಹೋದರೆ ಹೋಗಲಿ, ಬೆನ್ನು ತನ್ನದಾಯಿತಲ್ಲ ಎಂದು ಹಿಗ್ಗಿದ.

ಫೋನು ಜೇಬಿಗಿಳಿಯುವ ಮೊದಲೇ ಅಕ್ಕನ ಸಂದೇಶ ಬಂತು. "ಮಲಗಿದೀಯಾ? ಎದ್ದು ಕುಣಿ! ನೆರಳು ಕೆಲಸ ಬಿಡ್ತಿದಾರಂತೆ, ಇವತ್ತೇ ಕೊನೇ ದಿನ. ಇಲ್ಲಿ ಎಲ್ಲರೂ ಸ್ವೀಟು ತಿಂತಿದೀವಿ."

ಅವನು ಅದನ್ನು ಮತ್ತೆ ಓದಿದ. ಹಾಗಾದರೆ ತಾನು ಓಡುವುದೇಕೆ? ಅದೇ ಸೀಟು, ಅದೇ ಕಿಟಕಿ, ಅದೇ ಅಕ್ಕ. ಇನ್ನೂ ಕಾಲ ಮಿಂಚಿಲ್ಲ; ರಾಜೀನಾಮೆಯನ್ನು ಅವರು ನೋಡುವ ಮೊದಲೇ ಹಿಂದೆ ಪಡೆದು, ಇಲ್ಲಿ ಕೈಮುಗಿದು ಹೊರಟರಾಯಿತು. ಅವಸರದಲ್ಲಿ ಫೋನು ಒತ್ತತೊಡಗಿದ.

"ಒಂದ್ನಿಮಿಷ," ಎಂದು ಕನ್ನಡಕದಾಕೆ ಬಾಗಿಲು ತೆರೆದಳು. "ನಿಮ್ಮ ಹೊಸ ಮ್ಯಾನೇಜರು ಬಂದ್ರು. ಅವರೂ ನಮ್ಮಲ್ಲಿ ಹೊಸಬ್ರೇ."

ಒಳಗೆ ಬಂದದ್ದು ನೆರಳು. ಅವನನ್ನು ಕಂಡು ಮುಖ ಅರಳಿಸಿ, ಹತ್ತಿರ ಬಂದು ಭುಜ ತಟ್ಟಿದರು.

"ಅರೆ, ನೀನಾ! ನಿನ್ನ ರಾಜೀನಾಮೆ ಈಗ ಲಿಫ್ಟಲ್ಲಿ ನೋಡ್ದೆ ಕಣಯ್ಯ. ಹುಡುಗನ ದಾರಿಗೆ ಯಾಕೆ ಅಡ್ಡ ಬರ್ಬೇಕು ಅಂತ ಅಲ್ಲೇ ಒಪ್ಪಿಗೆ ಒತ್ತಿಬಿಟ್ಟೆ. ಆ ಕಂಪನೀಲಿ ನಾನು ಮಾಡಿದ ಕೊನೇ ಕೆಲಸ ಅದು."