ನಾನೇ ಓದದ ನನ್ನ ಕಾದಂಬರಿ

ಬರೆಯುವುದು ಬಿಟ್ಟು ಮನೆಯೊಳಗೆ ಕೂತವನಿಗೆ ನಗೆಪಾಟಲಿನ ಪ್ರಸಂಗಗಳು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನಾನು ಅವನ್ನು ಹುಡುಕಿಕೊಂಡು ಹೋಗುವುದಿಲ್ಲ. ಅವೇ ಮೆಟ್ಟಿಲು ಹತ್ತಿ ಬಂದು ಬೆಲ್ ಒತ್ತುತ್ತವೆ.

ಮೂವತ್ತೈದು ವರ್ಷದ ಹಿಂದೆ ನಾನೊಂದು ಹಾಸ್ಯ ಕಾದಂಬರಿ ಬರೆದೆ. ರಾಜಾಜಿನಗರದ ಒಬ್ಬ ಜಿಪುಣ ಮನೆ ಓನರು, ಅವನ ಗೇಟಿಗೊಂದು 'ಮನೆ ಬಾಡಿಗೆಗಿದೆ' ಬೋರ್ಡು, ಕೇಳಲು ಬಂದವರನ್ನೆಲ್ಲ ಅವನು ಗೋಳು ಹೊಯ್ದುಕೊಳ್ಳುವುದು, ಇಷ್ಟೇ ಕಥೆ. ಒಂದಷ್ಟು ಜನ ನಕ್ಕರು, ಆಮೇಲೆ ಮರೆತರು. ಇನ್ನೆರಡು ಪುಸ್ತಕ ಬರೆದು ನಾನೂ ಬಿಟ್ಟೆ. ಅದಕ್ಕೆ 'ಮೌನಕ್ಕೆ ಸಂದ ಲೇಖಕ' ಅಂತೆಲ್ಲ ಹೇಳಿದರು. ನಿಜ ಸಂಗತಿ ಬೇರೆ. ನನ್ನ ಅಕ್ಷರ ನನ್ನ ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು. ನಾನು ಗೀಚಿದ್ದನ್ನು ಅವಳು ಶುದ್ಧಪ್ರತಿ ಮಾಡಿ ಪ್ರೆಸ್ಸಿಗೆ ಕಳಿಸುತ್ತಿದ್ದಳು, ಪ್ರೂಫೂ ಅವಳೇ ನೋಡುತ್ತಿದ್ದಳು. ಅವಳ ಕೈ ನಡುಗಲು ಶುರುವಾದ ಮೇಲೆ ನಾನು ಬರೆದದ್ದನ್ನು ಓದಬಲ್ಲವರು ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ, ನನ್ನನ್ನೂ ಸೇರಿಸಿ.

ಅಚ್ಚಾದ ನನ್ನ ಪುಸ್ತಕವನ್ನು ನಾನು ಓದುವುದೂ ಇಲ್ಲ. ಮೊದಲನೇ ಕಥೆಯಲ್ಲಿ ಒಂದು ಅಚ್ಚಿನ ತಪ್ಪು ಕಂಡು ಎರಡು ದಿನ ಊಟ ಬಿಟ್ಟಿದ್ದೆ. ಅಂದಿನಿಂದ ಈ ವ್ರತ. ಕಾದಂಬರಿ ಕೈಗೆ ಬಂದಾಗ ಅವಳು "ಓದಿದ್ರಾ?" ಅಂತ ಕೇಳಿದಳು. "ನಾನೇ ಬರ್ದಿದ್ದು, ಓದೋದೇನಿದೆ?" ಅಂದೆ. ವಾರ ಬಿಟ್ಟು ಮತ್ತೆ ಕೇಳಿದಳು. ಆಮೇಲೆ ಕೇಳಲಿಲ್ಲ.

ಅವಳು ಹೋಗಿ ಆರು ವರ್ಷವಾಯಿತು. ಮಕ್ಕಳಿಲ್ಲ. ರಾಜಾಜಿನಗರ ಬಿಟ್ಟು ಮಾರೇನಹಳ್ಳಿಯ ಈ ಮಹಡಿ ಮೇಲಿನ ಸಣ್ಣ ಮನೆಗೆ ಬರುವಾಗ ಪುಸ್ತಕಗಳನ್ನೆಲ್ಲ ಹಳೇ ಪೇಪರ್‌ನವನಿಗೆ ಹಾಕಿ ಬಂದೆ. ಈಗ ನನ್ನ ಜೊತೆ ತಪ್ಪದೆ ಮಾತಾಡುವವಳು ಸಾಲ ಬೇಕಾ ಅಂತ ಫೋನ್ ಮಾಡುವ ಹುಡುಗಿ ಒಬ್ಬಳೇ. ಬೇಡ ಅಂತ ಹೇಳುವುದಕ್ಕೆ ನಾನು ಹತ್ತು ನಿಮಿಷ ತೆಗೆದುಕೊಳ್ಳುತ್ತೇನೆ.

ಐದಕ್ಕೆ ಎಷ್ಟು?

ಒಂದು ಮಧ್ಯಾಹ್ನ ಮೊಸರನ್ನ ತರಿಸಿದ್ದೆ. ಡೆಲಿವರಿಯವನು ಹಾವೇರಿ ಕಡೆಯವನು, ಎರಡು ಮಕ್ಕಳ ತಂದೆ. ಪೊಟ್ಟಣ ಕೊಟ್ಟಮೇಲೂ ಹೋಗದೆ ಫೋನಿನಲ್ಲಿದ್ದ ನನ್ನ ಹೆಸರನ್ನೂ ನನ್ನ ಮುಖವನ್ನೂ ನೋಡುತ್ತ ನಿಂತ.

"ಸರ್, ಆ ಓನರ್ ಪುಸ್ತಕಾ ಬರದಾವ್ರು ನೀವ ಏನ್ರಿ?"

ಹೌದೆಂದೆ. ಅವನು ಹೆಲ್ಮೆಟ್ ತೆಗೆದ. ಹೇರೋಹಳ್ಳಿಯ ಗುಜರಿ ಅಂಗಡಿ ಮುಂದೆ ಆರ್ಡರ್‌ಗೆ ಕಾಯುತ್ತ ಕೂತಾಗ ಅವನಿಗೆ ಆ ಪುಸ್ತಕ ಸಿಕ್ಕಿತಂತೆ. ರೂಮಿನಲ್ಲಿ ಜೊತೆಯವರಿಗೆ ಓದಿ ಹೇಳುತ್ತಿದ್ದಾಗ ಒಬ್ಬ ವಿಡಿಯೋ ಮಾಡಿ ಹಾಕಿದನಂತೆ. ಈಗ ಊರೆಲ್ಲ ಅದೇ ಅಂತೆ.

"ಅದರಾಗ ಆಕಿ ಅಂತಾಳಲ್ರಿ ಸರ್, ಓನರ್ ಹೆಂಡ್ತಿ! 'ನೀರಾದರೂ ಎರಡು ದಿನಕ್ಕೊಂದು ಸಲ ಬರುತ್ತೆ. ಇವರ ಕಿವಿಗೆ ನನ್ನ ಮಾತು ಬಿದ್ದು ಇಪ್ಪತ್ತು ವರ್ಷವಾಯಿತು.' ನಮ್ಮ ಮನಿಯಾಕಿ ದಿನಾ ಫೋನ್ನ್ಯಾಗ ಅದನ್ನ ಹೇಳ್ತಾಳ್ರಿ ನನಗ."

ಅಂಥ ಮಾತು ಬರೆದ ನೆನಪು ನನಗಿರಲಿಲ್ಲ. ನನಗೆ ನೆನಪಿದ್ದಂತೆ ಓನರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋಗುತ್ತಾಳೆ, ಅಷ್ಟೇ. ಆದರೆ ಮನೆ ಬಾಗಿಲಿಗೆ ಬಂದ ಹೊಗಳಿಕೆಯನ್ನು ವಾಪಸ್ ಕಳಿಸುವಷ್ಟು ದೊಡ್ಡ ಮನುಷ್ಯ ನಾನಲ್ಲ. "ಹೂಂ, ಆ ಮಾತಿಗೆ ಬಹಳ ಕಷ್ಟಪಟ್ಟೆ" ಅಂದೆ.

ಅವನು ಸೆಲ್ಫಿ ತೆಗೆದುಕೊಂಡು, "ಸರ್, ರೇಟಿಂಗ್ ಐದು ಕೊಡ್ರಿ" ಅಂದ.

"ಕೊಡೋಣ. ನೀವು ನನಗೆಷ್ಟು ಕೊಡ್ತೀರಿ?"

"ನಿಮಗೂ ಐದ ರೀ ಸರ್" ಅಂದವನು ಎರಡು ಮೆಟ್ಟಿಲು ಇಳಿದು ತಿರುಗಿ ನೋಡಿದ. "ಓನರ್ ಹೆಂಡ್ತಿಗೆ ಹತ್ತು."

ನಮ್ಮ ಓನರ್ ವಂಶ

ವಾರದೊಳಗೆ ಸುದ್ದಿ ಕೆಳಗಿನ ಮನೆಗೆ ತಲುಪಿತು. ನಮ್ಮ ಓನರು ಒಳ್ಳೆಯವರೇ, ಆದರೆ ಜೀವವೆಲ್ಲ ನೆಲದಡಿಯ ಸಂಪಿನ ನೀರಿನಲ್ಲಿದೆ. ಮೇಲೆ ಯಾರೇ ಬಂದರೂ ಎಷ್ಟು ಜನ, ಎಷ್ಟು ಹೊತ್ತು ಅಂತ ಅವರಿಗೆ ಹೇಳಬೇಕು. ಆ ಬೆಳಿಗ್ಗೆ ಸಿಟ್ಟಿನಲ್ಲಿ ಮೇಲೆ ಬಂದರು.

"ಏನ್ ಸಾರ್, ನಮ್ಮನೇಲೇ ಇದ್ಕೊಂಡು ನನ್ನ ಬಗ್ಗೆನೇ ಬರ್ದಿದೀರಂತೆ?"

"ಅದು ಮೂವತ್ತೈದು ವರ್ಷದ ಹಿಂದೆ ಬರ್ದಿದ್ದು. ನೀವಾಗ ಸ್ಕೂಲಿಗೆ ಹೋಗ್ತಾ ಇದ್ರಿ."

ಅವರು ಲೆಕ್ಕ ಹಾಕಿದರು. "ಹಂಗಾದ್ರೆ ನಮ್ಮಪ್ಪನ ಬಗ್ಗೆ ಬರ್ದಿದೀರ."

ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ನಾಲ್ಕು ಜನ ಸ್ನೇಹಿತರನ್ನು ಕರೆದುಕೊಂಡು ಬಂದು, "ಇವರೇ ಕಣ್ರೋ, ನಮ್ಮ ಫ್ಯಾಮಿಲಿ ಬಗ್ಗೆ ಪುಸ್ತಕ ಬರ್ದಿರೋರು" ಅಂತ ತೋರಿಸಿದರು.

ಅವರ ಹೆಂಡತಿ, ನಾನು ಈ ಮನೆಗೆ ಬಂದ ಮೂರು ವರ್ಷದಲ್ಲಿ ನನ್ನ ಜೊತೆ ಮಾತಾಡಿದವರೇ ಅಲ್ಲ. ಅವತ್ತು ಸಂಜೆ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಬಂದವರು ನನ್ನ ಬಾಗಿಲಲ್ಲಿ ನಿಂತರು.

"ಯಾರದೋ ಹತ್ರ ಪುಸ್ತಕ ಇತ್ತು, ಇಸ್ಕೊಂಡು ಪೂರ್ತಿ ಓದಿದೆ. ಅದರಲ್ಲಿರೋ ಹೆಂಡ್ತಿ ಮನಸ್ಸಲ್ಲಿರೋದೆಲ್ಲ ನಿಮಗೆ ಹೆಂಗೆ ಗೊತ್ತಾಯ್ತು ಸಾರ್? ಗಂಡಸರಿಗೆ ಅದು ಗೊತ್ತಾಗಲ್ವಲ್ಲ."

ನಾನು ಕನ್ನಡಕ ತೆಗೆದು ಒರೆಸಿಕೊಂಡು ಗಂಭೀರವಾಗಿ ಹೇಳಿದೆ: "ಅದು ಪರಕಾಯ ಪ್ರವೇಶ ಅಮ್ಮ. ಲೇಖಕನಾದವನಿಗೆ ಸಾಧನೆಯಿಂದ ಬರುತ್ತೆ."

ಅವರು ನನ್ನನ್ನು ತುಸು ಹೊತ್ತು ನೋಡಿ, "ಓಹೋ" ಅಂದು ಬಟ್ಟೆ ಎತ್ತಿಕೊಂಡು ಹೋದರು.

ಎರಡು ಲೋಟ

ಬರುವವರು ಹೆಚ್ಚಾದರು. ಅತ್ತಿಗುಪ್ಪೆ ಮೆಟ್ರೋದಲ್ಲಿ ಒಬ್ಬರು ಎದ್ದು ಸೀಟು ಕೊಟ್ಟರು. ಕೊಟ್ಟದ್ದು ಲೇಖಕನಿಗೋ ಮುದುಕನಿಗೋ ಎಂಬ ಸಂಶಯ ಕೆಂಗೇರಿವರೆಗೂ ಬಿಡಲಿಲ್ಲ. ಮನೆಗೆ ಬಂದವರಿಗೆ ನಾನೇ ಕಾಫಿ ಮಾಡುತ್ತಿದ್ದೆ. ಅವರು ಕುಡಿದು, ಫೋಟೋ ತೆಗೆದು, ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಿದ್ದರು. ಹೋದ ಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತಿತ್ತು. ಎರಡು ಲೋಟಗಳನ್ನು ತೊಳೆಯದೆ ಬೆಳಗಿನವರೆಗೆ ಹಾಗೇ ಇಡುತ್ತಿದ್ದೆ, ಯಾರೋ ಬಂದಿದ್ದರು ಅಂತ ನನಗೇ ನೆನಪಿರಲಿ ಎಂದು. ಇಷ್ಟು ಜನ ಹೊಗಳುವ ಮಾತನ್ನು ನಾನು ಯಾವಾಗ ಬರೆದೆ ಎಂದು ಹೆಂಡತಿಯನ್ನು ಕೇಳಬಹುದಿತ್ತು, ಅವಳಿಲ್ಲ. ಇದನ್ನು ಸಾಲದ ಹುಡುಗಿಗೆ ಹೇಳಿದೆ. "ಸರ್, ನಿಮಗೆ ಈ ತಿಂಗಳು ಸಾಲ ಬೇಡ, ರೆಸ್ಟ್ ತಗೊಳ್ಳಿ" ಅಂದಳು.

ಕೊನೇ ಪುಟ

ಬಸವೇಶ್ವರನಗರದ ಒಂದು ಕನ್ನಡ ಸಂಘದವರು ಭಾನುವಾರ ಬೆಳಿಗ್ಗೆ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ನನ್ನ ತಲೆಗೆ ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು. ಹಾಗಾಗಿ ಅಧ್ಯಕ್ಷರು ನಲವತ್ತು ನಿಮಿಷ ನನ್ನನ್ನು ಹೊಗಳಿದಾಗ ಅವರು ನನಗೆ ಕಾಣಲಿಲ್ಲ. ಪುಸ್ತಕ ಅವರು ಓದಿರಲಿಲ್ಲ ಎಂಬುದು ಮಾತ್ರ ಚೆನ್ನಾಗಿ ಕೇಳಿಸಿತು.

ಕೊನೆಗೆ ಸಭೆಯಲ್ಲಿದ್ದ ಒಬ್ಬರು ನಿವೃತ್ತ ಶಾಲಾ ಮೇಡಂ ಎದ್ದು, "ಭಾಷಣ ಸಾಕು, ಸಾರ್ ಬಾಯಿಂದಲೇ ಕೊನೇ ಪುಟ ಕೇಳೋಣ" ಅಂದರು. ಪೇಟ ಮೇಲೆತ್ತಿ ನೋಡಿದರೆ ಹಾವೇರಿಯವನು ಡೆಲಿವರಿ ಟಿ-ಶರ್ಟಿನಲ್ಲೇ ಬಂದಿದ್ದ. ಪ್ಲಾಸ್ಟಿಕ್ ಕವರಿನಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟ. ರಟ್ಟು ತಿರುಗಿಸಿದರೆ ಒಳಗೆ ನನ್ನ ಹೆಂಡತಿಯ ದುಂಡಗಿನ ಅಕ್ಷರ: 'ಮನೆಯ ಪ್ರತಿ. ಯಾರಿಗೂ ಕೊಡಬಾರದು.'

ತೂಕಕ್ಕೆ ಹಾಕಿದವನು ನಾನೇ.

ಕೊನೇ ಪುಟ ತೆಗೆದು ಓದತೊಡಗಿದೆ. ನಾನು ಬರೆದ ಕೊನೆ ನನಗೆ ನೆನಪಿತ್ತು: ಬೋರ್ಡು ಕಳಚಿ ಓನರ ತಲೆಯ ಮೇಲೆ ಬೀಳುತ್ತದೆ, ಮುಗಿಯಿತು. ಅಚ್ಚಿನಲ್ಲಿ ಮುಗಿದಿರಲಿಲ್ಲ. ಓನರ ಹೆಂಡತಿ ಹೊರಗೆ ಬಂದಿದ್ದಳು.

"ಅವಳು ಬಿದ್ದ ಬೋರ್ಡನ್ನು ಗೋಡೆಗೆ ಒರಗಿಸಿ ನೆರೆದವರಿಗೆ ಹೇಳಿದಳು: 'ನಾನು ಹೇಳಿದ್ದು ಒಂದೂ ಇವರ ತಲೆಗೆ ಹೋಗಲಿಲ್ಲ. ಸದ್ಯ, ಬೋರ್ಡಾದರೂ ತಲುಪಿತಲ್ಲ. ಇವರಿಗೆ ಎಂದಾದರೂ ಗೊತ್ತಾದರೆ ಹೇಳಿ, ನಾನು ಒಳಗೇ ಇದ್ದೀನಿ. ಕಾಫಿ ಆರುವುದರೊಳಗೆ ಬರಲಿ.'"

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಆ ಸಾಲುಗಳನ್ನು ಮತ್ತೊಮ್ಮೆ ಓದಿಕೊಂಡೆ. ಪ್ರತಿ ಮಾಡುವಾಗ ಆ ಹೆಂಗಸಿಗೆ ನನ್ನ ಹೆಂಡತಿಯೇ ಬಾಯಿ ಕೊಟ್ಟಿದ್ದಳು. ನಾನು ಓದಿ, ಬೈದೋ ನಕ್ಕೋ, ಅಡುಗೆಮನೆಗೆ ಬರುತ್ತೇನೆ ಅಂತ ಕಾದಿದ್ದಳು. ಎರಡು ಸಲ ಕೇಳಿಯೂ ಇದ್ದಳು.

ಮೈಕಿನಲ್ಲಿ ಹೇಳಿದೆ: "ಇದು ನಾನು ಬರೆದದ್ದಲ್ಲ. ನನ್ನ ಹೆಂಡತಿ ಬರೆದದ್ದು."

ಜೋರಾಗಿ ಚಪ್ಪಾಳೆ ಬಿತ್ತು. ಅಧ್ಯಕ್ಷರು ಮೈಕ್ ಕಸಿದುಕೊಂಡು, "ನೋಡಿ, ಎಂಥಾ ವಿನಯ!" ಅಂದರು. ನಿಜವಾಗಿಯೂ ಅವಳೇ ಬರೆದದ್ದು ಎಂದು ಇನ್ನೊಂದು ಸಲ ಹೇಳಿದೆ. ಚಪ್ಪಾಳೆ ಇನ್ನೂ ಹೆಚ್ಚಾಯಿತು. ನಂಬಿದವನು ಹಾವೇರಿಯವನು ಒಬ್ಬನೇ. ಪುಸ್ತಕ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ನಿಮ್ಮ ಮನೀದು, ಇಟ್ಕೋರಿ ಸರ್. ನಾ ಅವತ್ತ ಹೇಳಿದ್ನಲ್ರಿ, ಅಕ್ಕಾವ್ರಿಗೆ ಹತ್ತು."

ಸಂಜೆ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು, ಎರಡು ಲೋಟ ಕಾಫಿ ಇಟ್ಟುಕೊಂಡು ಮೊದಲ ಪುಟದಿಂದ ಓದತೊಡಗಿದೆ. ಅಯ್ಯೋ, ಆ ಓನರು ನಾನೇ. ಟವೆಲ್ ಹುಡುಕುವುದು, ಉತ್ತರ ಕೊಡದೆ 'ಹೂಂ' ಅನ್ನುವುದು, ಎಲ್ಲ ನನ್ನದೇ. ಒಂದು ಕಡೆ ತಡೆಯಲಾಗದೆ ಜೋರಾಗಿ ನಕ್ಕುಬಿಟ್ಟೆ. ಆರು ವರ್ಷದಲ್ಲಿ ನನ್ನ ಬಾಯಿಂದ ಅಂಥ ಸದ್ದು ಬಂದಿರಲಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಂಡೆ.

ಕೆಳಗಿನಿಂದ ಓನರು ಕೂಗಿದರು. "ಸಾರ್, ಮೇಲೆ ಯಾರ್ ಬಂದಿದಾರೆ?"

"ಯಾರೂ ಬಂದಿಲ್ಲ, ಮನೆಯವರೇ."

"ಒಟ್ಟು ಎಷ್ಟು ಜನ?"

"ಇಬ್ಬರು" ಅಂದೆ.

"ಹೇಳೋದಲ್ವಾ ಸಾರ್? ಸಂಪಲ್ಲಿ ನೀರಿಲ್ಲ!"

ಅಷ್ಟರಲ್ಲಿ ಅವರ ಹೆಂಡತಿಯ ದನಿ ಕೇಳಿಸಿತು. "ನೀರು ನಾಳೆ ಬರುತ್ತೆ. ನೀವು ಒಳಗೆ ಬನ್ನಿ, ಕಾಫಿ ಆರುತ್ತೆ."